ಖಾಲಿ ಸೀಟಿನ ಬಾಡಿಗೆ

ಜಾತ್ರೆಯ ದಿನಗಳಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಈ ದೃಶ್ಯ ಗೊತ್ತು. ಬಸ್ಸು ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಯಿಂದ ಟವೆಲು, ಕರ್ಚೀಫು, ಕೈಚೀಲಗಳು ಒಳಗೆ ಬಿದ್ದಿರುತ್ತವೆ. ಕಂಕುಳಲ್ಲಿ ಮಗು ಇಟ್ಟುಕೊಂಡು, ಸೆರಗು ಬಿಗಿದು ಹತ್ತಿದವಳಿಗೆ ಸೀಟುಗಳೇನೋ ಖಾಲಿಯೇ ಕಾಣುತ್ತವೆ, ಕೂರಲು ಮಾತ್ರ ಒಂದೂ ಇಲ್ಲ!

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ರಜೆಗೆ ಬಂದಿದ್ದಾಗ ಫೋನಿನಲ್ಲಿ ಯಾರಿಗೋ, "ಹಬ್ಬದ ಮಾರಾಟ ಶುರುವಾಗೋದರೊಳಗೆ ಸರ್ವರ್‌ಗಳಿಗೆ ಜಾಗ ಹಿಡಿದಿಡಿ" ಎನ್ನುತ್ತಿದ್ದಳು. ಅದೇನೇ ಎಂದು ಕೇಳಿದೆ. "ಟವೆಲ್ ಹಾಕೋದು ಅಮ್ಮಾ, ಅಷ್ಟೆ. ಆದರೆ ಇಲ್ಲಿ ಟವೆಲಿಗೂ ಟಿಕೆಟ್ ತಗೋಬೇಕು" ಎಂದಳು. ಆ ಮಾತಿನ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ಅರವತ್ತು ವರ್ಷ ಮೀರಿದ ಒಂದು ಕಥೆ.

ಅದು ಅಮೆರಿಕದಲ್ಲಿ ಆರಂಭವಾಗುತ್ತದೆ. ಆಗ ಗಣಕಯಂತ್ರ ಎಂದರೆ ಒಂದು ಕೋಣೆ ತುಂಬುವಂಥದು. ಒಬ್ಬರ ಲೆಕ್ಕ ಮುಗಿಯುವವರೆಗೆ ಉಳಿದವರು ಕಾಯಬೇಕು. 1961ರ ನವೆಂಬರಿನಲ್ಲಿ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಯಂತ್ರವು ಒಬ್ಬೊಬ್ಬರಿಗೂ ಕ್ಷಣ ಕ್ಷಣ ಹಂಚುತ್ತಾ ಎಷ್ಟು ಬೇಗ ಸುತ್ತು ಹಾಕುತ್ತಿತ್ತೆಂದರೆ, ಕಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ವರ್ಷ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ ಒಂದು ಭಾಷಣದಲ್ಲಿ, ಮುಂದೊಂದು ದಿನ ಗಣನೆಯೂ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾಗಬಹುದು ಎಂದರು. ಯಂತ್ರವನ್ನು ಕೊಳ್ಳುವುದು ಬೇಡ, ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕು.

ಆಮೇಲೆ ಐಬಿಎಂ ಕಂಪನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದೇ ಯಂತ್ರದೊಳಗೆ ಹಲವು ಹುಸಿ ಯಂತ್ರಗಳನ್ನು ಎಬ್ಬಿಸಿ, ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮೊಬ್ಬರದೇ ಎನಿಸುವಂತೆ ಮಾಡಿದರು. 1972ರಲ್ಲಿ ಅದನ್ನು ಗಿರಾಕಿಗಳಿಗೂ ಕೊಟ್ಟರು. ಒಂದೇ ಅಡುಗೆಮನೆಯಲ್ಲಿ ನಾಲ್ವರು ಸೊಸೆಯರಿಗೂ 'ಇದು ನನ್ನದೇ' ಅನ್ನಿಸುವುದೆಂದರೆ ಸಾಮಾನ್ಯವೇ? ನಮ್ಮಲ್ಲಿ ಯಾವ ಅತ್ತೆಗೂ ಸಾಧ್ಯವಾಗದ ಕೆಲಸ ಅದು.

ಮೆಕಾರ್ಥಿಯವರ ಮಾತು ಸಾಮಾನ್ಯರ ಕೈಗೆಟಕಲು ಮಾತ್ರ ಬಹಳ ಕಾಲ ಹಿಡಿಯಿತು. ಅಮೆಜಾನ್ ಕಂಪನಿಯ ಕ್ರಿಸ್ ಪಿಂಕಮ್ ಎಂಬ ಎಂಜಿನಿಯರಿಗೆ ತಮ್ಮ ನಾಡಾದ ದಕ್ಷಿಣ ಆಫ್ರಿಕಕ್ಕೆ ಮರಳುವ ಆಸೆ. ಕಂಪನಿ ಅವರನ್ನು ಬಿಟ್ಟುಕೊಡದೆ ಕೇಪ್‌ಟೌನಿನಲ್ಲೇ ಕಚೇರಿ ತೆರೆಯಲು ಒಪ್ಪಿತು. ಅಲ್ಲಿನ ಸಣ್ಣ ತಂಡ ರೂಪಿಸಿದ ಸೇವೆ 2006ರ ಆಗಸ್ಟಿನಲ್ಲಿ ಹೊರಬಂತು. ತಾಸಿಗೆ ಹತ್ತು ಸೆಂಟು ಕೊಟ್ಟರೆ ಒಂದು ಹುಸಿ ಸರ್ವರ್ ಬಾಡಿಗೆಗೆ. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ಬಡಿಸುವ ಯಂತ್ರ. ನಾವು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಸೀರೆ ನೋಡುತ್ತೇವಲ್ಲ, ಆಗ ಒಂದರ ಹಿಂದೊಂದು ಸೀರೆ ಬಿಚ್ಚಿ ತೋರಿಸುವುದು ಎಲ್ಲೋ ಇರುವ ಅಂಥ ಯಂತ್ರ. ಈ ಏರ್ಪಾಡಿಗೆ ಕ್ಲೌಡ್, ಅಂದರೆ ಮೋಡ, ಎಂಬ ಹೆಸರು ಬಿತ್ತು. ಮೋಡವೇನೂ ಅಲ್ಲ, ದೊಡ್ಡ ಶೆಡ್ಡಿನಲ್ಲಿ ಸಾಲು ಸಾಲಾಗಿ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಗಳು. 2016ರಲ್ಲಿ ಮುಂಬಯಿಗೂ ಬಂದವು.

ಕಬ್ಬಿಣ ಎಂದ ಮೇಲೆ ಲೆಕ್ಕ ಇದ್ದೇ ಇರುತ್ತದೆ. ಬೇಕೆಂದಾಗ ಸಿಗುತ್ತದೆ ಎಂಬ ಮಾತು ಎಲ್ಲರಿಗೂ ಒಮ್ಮೆಗೇ ಬೇಕಾಗುವವರೆಗೆ ಮಾತ್ರ. ಅವತ್ತು ಯಂತ್ರ ಎಬ್ಬಿಸಲು ಹೋದವರಿಗೆ 'ಸದ್ಯ ಜಾಗ ಸಾಲದು' ಎಂಬ ಉತ್ತರ ಬರುತ್ತದೆ. ಹಾಗಾಗಿ 2009ರ ಮಾರ್ಚಿನಲ್ಲೇ ಕಾಯ್ದಿರಿಸುವ ಪದ್ಧತಿ ಬಂತು. ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಮುಂಗಡ ಕಟ್ಟಿದರೆ ತಾಸಿನ ದರ ಇಳಿಯುತ್ತಿತ್ತು, ಜಾಗವೂ ಖಾತ್ರಿಯಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಉಳಿದ ಖಾಲಿ ಜಾಗಗಳನ್ನು ಹರಾಜಿನ ರೀತಿಯಲ್ಲಿ ಅಗ್ಗಕ್ಕೆ ಬಿಡಲು ಶುರು ಮಾಡಿದರು. ಬೇರೆಯವರ ಸೀಟಿನಲ್ಲಿ ಕೂತಂತೆ ಅದು, ಅವರು ಹತ್ತಿದ ಕೂಡಲೇ ಏಳಬೇಕು. 2015ರಿಂದ ಏಳುವುದಕ್ಕೆ ಎರಡು ನಿಮಿಷದ ಸೂಚನೆ ಕೊಡುತ್ತಾರಂತೆ. ನಮ್ಮ ಬಸ್ಸಿನಲ್ಲಿ ಅದೂ ಇಲ್ಲ.

ಮಗಳು ಹೇಳಿದ ಟವೆಲು 2018ರ ಅಕ್ಟೋಬರಿನದು. ವರ್ಷಗಟ್ಟಲೆ ಕಟ್ಟುಪಾಡಿಲ್ಲ, ಎಷ್ಟು ದಿನ ಬೇಕೋ ಅಷ್ಟು ದಿನ ಜಾಗ ಹಿಡಿಯಬಹುದು. ಆದರೆ ಯಂತ್ರ ಎಬ್ಬಿಸಿದರೂ ಎಬ್ಬಿಸದಿದ್ದರೂ ಪೂರ್ತಿ ಬಾಡಿಗೆ. ಎಬ್ಬಿಸಿದ ಸರ್ವರ್ ತಾನಾಗಿಯೇ ಹಿಡಿದಿಟ್ಟ ಜಾಗಕ್ಕೆ ಹೋಗಿ ಕೂರುತ್ತದೆ. ಅದಕ್ಕೊಂದೇ ನಿಯಮ: ಯಂತ್ರದ ಜಾತಿ, ಅದರೊಳಗಿನ ವ್ಯವಸ್ಥೆ, ಶೆಡ್ಡಿನ ವಿಭಾಗ ಎಲ್ಲವೂ ತಾಳೆಯಾಗಬೇಕು. ಒಂದು ತಪ್ಪಿದರೂ ಸರ್ವರ್ ಹೊರಗೆ ಬೇರೆ ಸೀಟು ಹುಡುಕಿಕೊಳ್ಳುತ್ತದೆ. ಮಗಳ ಹಿಂದಿನ ಕಚೇರಿಯಲ್ಲಿ ಒಬ್ಬ ಹುಡುಗ ಜಾಗ ಹಿಡಿದದ್ದು ಒಂದು ವಿಭಾಗದಲ್ಲಿ, ಸರ್ವರ್ ಎಬ್ಬಿಸಿದ್ದು ಪಕ್ಕದ ವಿಭಾಗದಲ್ಲಿ. ತಿಂಗಳ ಕೊನೆಗೆ ಎರಡಕ್ಕೂ ಬಿಲ್ಲು ಬಂತು. ಒಂದು ಛತ್ರಕ್ಕೆ ಮುಂಗಡ ಕೊಟ್ಟು, ದಿಬ್ಬಣವನ್ನು ಇನ್ನೊಂದು ಛತ್ರದಲ್ಲಿ ಇಳಿಸಿದಂತೆ! ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಮೊದಲ ವರ್ಷಗಳಲ್ಲಿ ವಿಭಾಗಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು, ಒಬ್ಬೊಬ್ಬ ಗಿರಾಕಿಗೂ ಬೇರೆ ಬೇರೆ ಕ್ರಮದಲ್ಲಿ ತೋರಿಸುತ್ತಿದ್ದರಂತೆ. ಎಲ್ಲರೂ 'ಎ'ಗೇ ನುಗ್ಗಿಬಿಡುತ್ತಾರೆ ಎಂಬ ಭಯ. ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಮಾಡಿದ ಉಪಾಯ.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸು ಕಂಕುಳಲ್ಲಿ ಮಗು ಇರುವವಳ ಕಡೆಗೇ ಹೋಗುತ್ತದೆ. ಯಂತ್ರ ಕೊಳ್ಳಲಾರದವರಿಗೂ ಸಿಗಲಿ ಎಂದು ಹುಟ್ಟಿದ ಏರ್ಪಾಡಿನಲ್ಲಿ, ಖಾಲಿ ಸೀಟಿಗೂ ಬಾಡಿಗೆ ಕಟ್ಟಬಲ್ಲವನಿಗೇ ಸೀಟು ಎಂದಾದರೆ ಅವಳ ಗತಿಯೇನು? 2020ರ ಮಾರ್ಚಿನಲ್ಲಿ ಕೊರೋನಾ ಬಂದು ಜಗತ್ತೆಲ್ಲ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಈ ಪ್ರಶ್ನೆ ನಿಜವಾಗಿಯೂ ಎದ್ದಿತು. ಆಗ ಮೈಕ್ರೋಸಾಫ್ಟ್ ಕಂಪನಿ, ತನ್ನ ಯಂತ್ರಗಳು ಸಾಲದೆ ಹೋದ ಕಡೆ ಆರೋಗ್ಯ ಮತ್ತು ತುರ್ತು ಸೇವೆಯವರಿಗೆ ಮೊದಲ ಆದ್ಯತೆ ಎಂದು ಸಾರಿತು, ಉಚಿತ ಸೌಲಭ್ಯಗಳಿಗೆ ಮಿತಿ ಹಾಕಿತು. ಬಸ್ಸಿನ ಮುಂದಿನ ಸೀಟುಗಳ ಮೇಲೆ 'ಮಹಿಳೆಯರಿಗೆ' ಎಂದು ಬರೆದಿರುತ್ತದಲ್ಲ, ನನಗೆ ಅದು ನೆನಪಾಯಿತು. ಅದೂ ಕಾಯ್ದಿರಿಸಿದ್ದೇ, ಆದರೆ ಟವೆಲು ಹಾಕಿ ಹಿಡಿದದ್ದಲ್ಲ. ಅಂಥ ಬರಹ ಕಷ್ಟಕಾಲದಲ್ಲಷ್ಟೇ ಏಕೆ ಕಾಣಬೇಕು ಎಂದರೆ ಮಗಳು ನಗುತ್ತಾಳೆ, "ಅಮ್ಮಾ, ಅದು ವ್ಯಾಪಾರ" ಎನ್ನುತ್ತಾಳೆ.

ನೂಕುನುಗ್ಗಲು ಈಗ ಇನ್ನೂ ಹೆಚ್ಚಿದೆ. ಕೃತಕ ಬುದ್ಧಿಮತ್ತೆಗೆ ಬೇಕಾದ ವಿಶೇಷ ಯಂತ್ರಗಳಿಗೆಂದು 2023ರ ಕೊನೆಯಲ್ಲಿ ಅಮೆಜಾನ್ ಹೊಸ ಪದ್ಧತಿ ತಂದಿತು. ಎಂಟು ವಾರ ಮುಂಚಿನಿಂದಲೇ ದಿನ ಗೊತ್ತು ಮಾಡಿಕೊಳ್ಳಬಹುದಿತ್ತು, ಸಿಗುತ್ತಿದ್ದದ್ದು ಒಂದರಿಂದ ಹದಿನಾಲ್ಕು ದಿನ.

ಮೊನ್ನೆ ಹಬ್ಬದ ರಾತ್ರಿ ಮಗಳು ಊಟದ ನಡುವೆ ಎದ್ದಳು. ಮಾರಾಟ ಮುಗಿದಿತ್ತು, ಹಿಡಿದಿಟ್ಟ ಜಾಗವನ್ನು ಬಿಡಬೇಕಿತ್ತು. ಇಲ್ಲದಿದ್ದರೆ ಬೆಳಗಿನವರೆಗೂ ಖಾಲಿ ಸೀಟಿಗೆ ಬಾಡಿಗೆ. ಎಡಗೈಯಲ್ಲಿ ಏನೋ ಒತ್ತಿ ಬಂದು ಕೂತು, "ಎತ್ತಿಬಿಟ್ಟೆ ಟವೆಲು" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.