ಸುರಪುರದ ಆಲೋಚನಾ ಸಭೆಯಲ್ಲಿ ಯಾರಿದ್ದರು?

ಹುಣಸಗಿ ಈಗ ಯಾದಗಿರಿ ಜಿಲ್ಲೆಯ ಬೇರೆಯದೇ ತಾಲ್ಲೂಕು. ನೂರೆಪ್ಪತ್ತು ವರ್ಷಗಳ ಹಿಂದೆ ಇದೂ, ಕೊಡೇಕಲ್ಲೂ, ರಾಜನಕೋಳೂರೂ ಸುರಪುರದ ಬೇಡ ನಾಯಕರ ಸಂಸ್ಥಾನಕ್ಕೆ ಸೇರಿದ್ದವು. 1858ರ ಫೆಬ್ರವರಿಯಲ್ಲಿ ಆ ಸಂಸ್ಥಾನ ಬ್ರಿಟಿಷರ ಕೈಗೆ ಬಿತ್ತು. ಅಂದಿನಿಂದ ಈ ಸೀಮೆಯಲ್ಲಿ ಆಗಿನ ಅರಸ ರಾಜಾ ವೆಂಕಟಪ್ಪ ನಾಯಕನ ಬಗ್ಗೆ ಮಾತು ಬಂದಾಗಲೆಲ್ಲ ಎರಡೇ ವಿಷಯ ಚರ್ಚೆಯಾಗುತ್ತವೆ: ಅವನ ಶೌರ್ಯ, ಅವನಿಗಾದ ದ್ರೋಹ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಯುದ್ಧದ ನಿರ್ಧಾರ ಹೇಗೆ ಆಯಿತು, ಆಗ ಅರಸನ ಪಕ್ಕದಲ್ಲಿ ಯಾರು ಕೂತಿದ್ದರು? ಈ ಪ್ರಶ್ನೆ ಕೇಳಲು ಕ್ರೈಸ್ತ ಪರಂಪರೆಯಲ್ಲಿ ಒಳ್ಳೆಯ ಅಳತೆಗೋಲೊಂದಿದೆ. ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ಎರಡು ಸಣ್ಣ ದೃಷ್ಟಾಂತ ಕೊಡುತ್ತಾನೆ. ಗೋಪುರ ಕಟ್ಟಹೊರಟವನು ಖರ್ಚಿನ ಲೆಕ್ಕ ಹಾಕುತ್ತಾನೆ. ಇಮ್ಮಡಿ ಸೈನ್ಯ ಎದುರು ಬರುವಾಗ ಅರಸ ತನ್ನ ಬಲ ಸಾಕೇ ಎಂದು ಅಳೆಯುತ್ತಾನೆ, ಸಾಲದಿದ್ದರೆ ಶತ್ರು ದೂರವಿರುವಾಗಲೇ ರಾಯಭಾರಿಗಳನ್ನು ಕಳಿಸುತ್ತಾನೆ. ಎರಡರಲ್ಲೂ ಸಾಮಾನ್ಯವಾದದ್ದು ಒಂದು ಕ್ರಿಯಾಪದ: ಇಬ್ಬರೂ ಮೊದಲು ಕೂತುಕೊಳ್ಳುತ್ತಾರೆ. ಸುರಪುರದಲ್ಲಿ ಆಗದೆ ಹೋದದ್ದು ಹೀಗೆ ಕೂತುಕೊಳ್ಳುವ ಕೆಲಸವೇ ಎಂಬುದು ನನ್ನ ವಾದ. ಅದು ಆಗದ ಹಾಗೆ ಮಾಡಿದವರು ಹಲವರು, ಅರಸ ಅವರಲ್ಲಿ ಒಬ್ಬ ಮಾತ್ರ.

ಕಥೆ ಅರಸನ ಬಾಲ್ಯಕ್ಕೂ ಮೊದಲೇ ಶುರುವಾಗುತ್ತದೆ. ಅವನ ತಂದೆ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ನಿಜಾಮ ಸರ್ಕಾರ ಲಕ್ಷಗಟ್ಟಲೆ ನಜರಾಣೆ ಕೇಳಿತು, ಸಂಸ್ಥಾನ ಸಾಲದಲ್ಲಿ ಮುಳುಗಿತು. 1840ರ ದಶಕದ ಆರಂಭದಲ್ಲಿ ಕೃಷ್ಣಪ್ಪ ತೀರಿಕೊಂಡಾಗ ಮಗ ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಪಕ್ಷ, ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಪಕ್ಷ. ಇಬ್ಬರ ನಡುವೆ ಆಡಳಿತ ನೋಡಿಕೊಳ್ಳಲು ಬಂದವನು ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. ಸುಮಾರು ಹತ್ತು ವರ್ಷ ಅವನು ಇಲ್ಲಿದ್ದ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಜಮಾಬಂದಿ ಸರಿಪಡಿಸಿದ, ರಾಜನಕೋಳೂರಿನ ಹಳೆಯ ಕಲ್ಲುಗೋರಿಗಳ ಬಗ್ಗೆ ಬರೆದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ಆಡಳಿತವನ್ನು ಅರಸನ ಕೈಗೊಪ್ಪಿಸಿ ಟೇಲರನನ್ನು ಬೇರೆಡೆ ಕಳಿಸಲಾಯಿತು. ಇಪ್ಪತ್ತರ ಆಸುಪಾಸಿನ ಆ ಯುವಕನಿಗೆ ಅಲ್ಲಿಂದ ಮುಂದೆ ‘ಬೇಡ’ ಎನ್ನಬಲ್ಲ ಹಿರಿಯರು ಉಳಿಯಲಿಲ್ಲ. ಇದ್ದವರು ಪಕ್ಷ ಕಟ್ಟಿದ ನೆಂಟರು, ಸಾಲ ಕೊಡುವವರು, ಕೂಲಿಗೆ ಕಾದಾಡುವ ಅರಬರು, ರೋಹಿಲರು.

ಆಮೇಲಿನ ಘಟನೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸಿಪಾಯಿ ದಂಗೆಯಲ್ಲಿ ಕೈತಪ್ಪಿದ್ದ ದೆಹಲಿ 1857ರ ಸೆಪ್ಟೆಂಬರಿನಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಮರಳಿತ್ತು. ಹಲಗಲಿಯ ಬೇಡರು ಎದ್ದದ್ದೂ ಸೋತದ್ದೂ ನವೆಂಬರಿನಲ್ಲಿ. ಸುರಪುರದಲ್ಲಿ ಪಡೆ ಸೇರುತ್ತಿರುವ ಸುದ್ದಿ ತಿಳಿದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಡೇವಿಡ್ಸನ್ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಮಾತುಕತೆಗೆ ಕಳಿಸಿದ, ಅದು ಫಲಿಸಲಿಲ್ಲ. 1858ರ ಫೆಬ್ರವರಿ 7ರ ರಾತ್ರಿ ಸುರಪುರದ ಪಡೆ ಬ್ರಿಟಿಷ್ ಡೇರೆಗಳ ಮೇಲೆ ಬಿತ್ತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಎರಡು ಕಡೆಯಿಂದ ಸೈನ್ಯ ಬರುತ್ತಿತ್ತು. ಅರಸ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟ, ಅಲ್ಲಿ ಸಿಕ್ಕಿಬಿದ್ದ. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದದ್ದು ಇದಾಗಿ ಮೂರು ತಿಂಗಳ ಮೇಲೆ. ಒಬ್ಬರ ಹಿಂದೆ ಒಬ್ಬರು ಬಿದ್ದರು, ಒಟ್ಟಿಗೆ ಏಳಲಿಲ್ಲ. ಇಷ್ಟು ಶೌರ್ಯವಿದ್ದ ನಾಡಿನಲ್ಲಿ ಕೂಡಿ ಕೂತು ಯೋಚಿಸುವ ಒಂದು ಕಟ್ಟೆ ಇರಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಬೈಬಲಿನಲ್ಲಿ ಇದಕ್ಕೆ ತೀರ ಹತ್ತಿರದ ಪ್ರಸಂಗವೊಂದಿದೆ. ಸೊಲೊಮೋನನ ಮಗ ರೆಹಬ್ಬಾಮ ಪಟ್ಟಕ್ಕೆ ಬಂದಾಗ ಜನ ತೆರಿಗೆಯ ಹೊರೆ ಇಳಿಸು ಎಂದು ಕೇಳಿಕೊಂಡರು. ಅವನು ಮೂರು ದಿನ ಸಮಯ ಕೇಳಿದ, ಅಲ್ಲಿಯವರೆಗೆ ಸರಿಯಾಗಿಯೇ ನಡೆದುಕೊಂಡ. ಹಿರಿಯರು ಜನರ ಮಾತು ಕೇಳು ಎಂದರು. ತನ್ನ ಜೊತೆ ಬೆಳೆದ ಯುವಕರು ಬಿಗಿ ಮಾಡು ಎಂದರು. ಅವನು ಓರಗೆಯವರ ಮಾತು ಹಿಡಿದ, ರಾಜ್ಯ ಎರಡಾಯಿತು. ಸಮಯ ತೆಗೆದುಕೊಂಡ ಮಾತ್ರಕ್ಕೆ ಆಲೋಚನೆ ಆದಂತಲ್ಲ. ನಮಗೆ ರುಚಿಸದ ಮಾತು ಆಡಬಲ್ಲವರು ಆ ಸಭೆಯಲ್ಲಿ ಇರಬೇಕು, ಅದನ್ನು ಕೇಳುವ ಮನಸ್ಸು ನಮಗೂ ಇರಬೇಕು. ಹದಿನಾರನೆಯ ಶತಮಾನದ ಇಗ್ನೇಷಿಯಸ್ ಲೊಯೋಲಾ ತನ್ನ ಸಾಧನಾ ಗ್ರಂಥದಲ್ಲಿ ಈ ವಿವೇಕಕ್ಕೆ ಇನ್ನೊಂದು ನಿಯಮ ಸೇರಿಸಿದ: ಮನಸ್ಸು ಕದಡಿ ಕತ್ತಲೆ ಕವಿದಾಗ, ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. 1858ರ ಜನವರಿಯ ಸುರಪುರದಲ್ಲಿ ಸಾಲದ ಅವಮಾನವಿತ್ತು, ಮನೆಯೊಳಗಿನ ಜಗಳವಿತ್ತು, ಸಂಸ್ಥಾನ ಕೈತಪ್ಪುವ ಭಯವಿತ್ತು. ಮನಸ್ಸು ತಿಳಿಯಾಗಲು ಅಲ್ಲಿ ಜಾಗವೇ ಇರಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ ಈ ನೆಲದ್ದೇ. ಪರಕೀಯರ ವಿರುದ್ಧ ಎದ್ದವನ ನಿರ್ಧಾರವನ್ನು ತಪ್ಪೆನ್ನುವುದು ಸೋತವನನ್ನು ಮತ್ತೆ ಸೋಲಿಸಿದಂತೆ ಎನ್ನಬಹುದು. ಆದರೆ ಸೋತದ್ದರಿಂದ ಒಂದು ನಿರ್ಧಾರ ತಪ್ಪಾಗುವುದಿಲ್ಲ. ಶಿಲುಬೆಯನ್ನೇ ನಡುವೆ ಇಟ್ಟುಕೊಂಡ ಧರ್ಮ ಸೋಲನ್ನು ಅಳತೆಗೋಲು ಮಾಡಿಕೊಂಡರೆ ಅದಕ್ಕೆ ಅರ್ಥವಿರುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು ಎದುರಿಸಿದ್ದು ಮರಣದ ನಿರ್ಧಾರ, ಅದನ್ನೂ ಅವನು ಪ್ರಾರ್ಥಿಸಿ, ಹಿಂಜರಿಕೆಯನ್ನು ಬಾಯಿಬಿಟ್ಟು ಹೇಳಿಕೊಂಡು ಒಪ್ಪಿಕೊಂಡ. ಸುರಪುರದ ಮನೆತನದಲ್ಲೇ ಇದಕ್ಕೆ ಸಾಟಿಯಾದ ವಿವೇಕವಿತ್ತು. 1705ರಲ್ಲಿ ಔರಂಗಜೇಬ್ ತಾನೇ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಆಗಿನ ಅರಸ ಪಿಡ್ಡನಾಯಕ (ವೆಂಕಟಪ್ಪನ ಚಿಕ್ಕಪ್ಪನದೂ ಇದೇ ಹೆಸರು) ಸಂಧಿಯ ಮಾತಾಡಿ ದಿನ ಗಳಿಸಿದ, ಕೋಟೆ ಉಳಿಯದು ಎಂದು ಖಾತ್ರಿಯಾದಾಗ ಜನರೊಂದಿಗೆ ರಾತ್ರಿ ಹೊರಬಿದ್ದ. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ, ಬೇಡರ ಬಲ ಉಳಿಯಿತು. ಅವನನ್ನು ಹೇಡಿ ಎಂದವರು ಯಾರೂ ಇಲ್ಲ. ಬಲ ಅಳೆದು ಹೆಜ್ಜೆ ಇಡುವುದು ಹೊರಗಿನವರು ತಂದ ಬುದ್ಧಿಯಲ್ಲ ಎನ್ನಲು ಇಷ್ಟು ಸಾಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಆಳುವವರ ಧರ್ಮದಿಂದ ಆಳಿಸಿಕೊಂಡವನನ್ನು ತೂಗುವುದು ನ್ಯಾಯವೇ? ಆ ಅಳತೆ ಅರಸನ ಮೇಲಷ್ಟೇ ಬಿದ್ದರೆ ಖಂಡಿತ ನ್ಯಾಯವಲ್ಲ. ನಾಬೋತನ ದ್ರಾಕ್ಷಿತೋಟಕ್ಕೆ ಆಸೆಪಟ್ಟು ಅದನ್ನು ಕಿತ್ತುಕೊಂಡ ಅರಸ ಅಹಾಬನ ಕಥೆ ಇರುವುದು ಅದೇ ಬೈಬಲಿನಲ್ಲಿ. ದತ್ತು ಒಪ್ಪದೆ ಸಂಸ್ಥಾನಗಳನ್ನು ನುಂಗಿದ ಗವರ್ನರ್ ಜನರಲ್ ಡಾಲ್‌ಹೌಸಿಯ ಮೇಲೆ ಆ ಕಥೆ ಬೀಳುವಷ್ಟು ಭಾರವಾಗಿ ಸುರಪುರದ ಮೇಲೆ ಬೀಳುವುದಿಲ್ಲ. ಟೇಲರನೂ ಈ ಅಳತೆಯಿಂದ ಹೊರಗಿಲ್ಲ. ಅವನ ಪ್ರೀತಿ ಸುಳ್ಳಲ್ಲ. ಆದರೆ ಹುಡುಗನ ಸುತ್ತ ಈ ನೆಲದ ಸಲಹೆಗಾರರ ಒಂದು ಬಲವಾದ ಕೂಟವನ್ನು ಬೆಳೆಸದೆ, ತಾನೊಬ್ಬನೇ ಅಪ್ಪನಾಗಿ ನಿಂತ. ಅವನು ಹೋದ ದಿನ ಅಪ್ಪನೂ ಹೋದ, ಸಲಹೆಯೂ ಹೋಯಿತು. ಇನ್ನೊಂದು ಎಚ್ಚರವೂ ಬೇಕು: ನಮಗೆ ಸಿಗುವ ಅರಸನ ಚಿತ್ರದಲ್ಲಿ ಬಹುಪಾಲು 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯದು. ಅರಸನ ಕೈಬರಹ ನಮ್ಮ ಮುಂದಿಲ್ಲ.

ಹಣೆಬರಹದ ಮಾತೂ ಇದೆ. ಅರಸ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕದಲ್ಲಿ ಬರೆದಿತ್ತು, ರಾಣಿ ಅದನ್ನು ತನಗೆ ತಿಳಿಸಿದ್ದಳು ಎಂದು ಟೇಲರ್ ಬರೆದಿದ್ದಾನೆ. ಹಾಗಿದ್ದರೆ ಯಾವ ಸಭೆ ಕೂತು ಏನು ಫಲ? ಭವಿಷ್ಯವಾಣಿಯ ಅಪಾಯ ಇಲ್ಲೇ ಇದೆ. ಬರುವುದು ಗೊತ್ತಿದೆ ಎಂದುಕೊಂಡವರು ಲೆಕ್ಕ ಹಾಕುವುದನ್ನು ನಿಲ್ಲಿಸುತ್ತಾರೆ. ಕ್ರೈಸ್ತರು ಈ ತಪ್ಪಿನಿಂದ ಪಾರಾಗಿದ್ದರು ಎನ್ನಲೂ ಆಗದು. ಹುಣಸಗಿಯ ಪಕ್ಕದ ಕೊಡೇಕಲ್ಲು ಕಾಲಜ್ಞಾನದ ವಚನಗಳಿಗೆ ಹೆಸರಾದ ಊರು. ಅಂಥ ಕಾಲಜ್ಞಾನ ನಂಬಿದ್ದ ಜನ ಹೊಸ ಧರ್ಮದ ನಿರೀಕ್ಷೆಯಿಂದ ಬಾಸೆಲ್ ಮಿಷನ್ನಿನ ಬಳಿ ಬಂದಾಗ, ಮಿಷನ್ನಿನವರು ದೊಡ್ಡ ಸಮೂಹವೇ ಬರುತ್ತದೆಂದು ನಂಬಿ 1841ರಲ್ಲಿ ಗದಗಿನ ಕಡೆಯ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ತೆರೆದರು. ಕಾದ ಸಮೂಹ ಬರಲಿಲ್ಲ. ಗೋಪುರದ ದೃಷ್ಟಾಂತವನ್ನು ಊರೂರಿಗೆ ಸಾರುತ್ತಿದ್ದವರೇ ಅಡಿಪಾಯದ ಲೆಕ್ಕ ಬಿಟ್ಟಿದ್ದರು.

ಇಷ್ಟರ ನಡುವೆ ವೆಂಕಟಪ್ಪ ನಾಯಕ ಪೂರ್ತಿ ತಾನೇ ತೆಗೆದುಕೊಂಡ ನಿರ್ಧಾರವೊಂದಿದೆ. ಸಿಕಂದರಾಬಾದಿನ ಸೆರೆಯಲ್ಲಿದ್ದಾಗ ಟೇಲರ್ ಅವನನ್ನು ನೋಡಲು ಬಂದ. ಪ್ರೇರೇಪಿಸಿದವರ ಹೆಸರು ಹೇಳಿದರೆ ಕ್ಷಮೆ ಸಿಗಬಹುದು ಎಂಬ ಸೂಚನೆಯಿತ್ತು. ಈಗ ಓರಗೆಯವರಿಲ್ಲ, ಹೊಗಳುವವರಿಲ್ಲ, ಗೆಲುವಿನ ಆಸೆಯೂ ಇಲ್ಲ. ಜೀವಭಿಕ್ಷೆ ಬೇಡುವುದಿಲ್ಲ, ತನ್ನವರನ್ನು ಹಿಡಿದುಕೊಡುವುದಿಲ್ಲ ಎಂದ. ಕಳ್ಳನಂತೆ ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ, ನಡುಗುವುದಿಲ್ಲ ಎಂದೂ ಹೇಳಿದ. ಏನು ಕಳೆದುಕೊಳ್ಳುತ್ತೇನೆಂದು ಪೂರ್ತಿ ತಿಳಿದು ಆಡಿದ ಮಾತು ಅದು. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಅವನು ಗುಂಡೇಟಿನಿಂದ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂದು ಬ್ರಿಟಿಷರ ದಾಖಲೆ ಹೇಳುತ್ತದೆ, ಕೊಂದರು ಎನ್ನುವವರೂ ಇದ್ದಾರೆ. ಸಂಸ್ಥಾನ 1860ರಲ್ಲಿ ನಿಜಾಮನ ಪಾಲಾಯಿತು. ಆ ಹೆಸರುಗಳನ್ನು ಮಾತ್ರ ಅವನು ಯಾರಿಗೂ ಕೊಡಲಿಲ್ಲ.