ಸ್ಟೀರಿಂಗ್ ಗಟ್ಟಿಯಾಗಿ ಹಿಡಿದರೆ ಸೀಟ್ ಬೆಲ್ಟ್ ಬೇಡವೇ?

ನಂಬಿಕೆ: "ಹಿರಿಯೂರಿಂದ ಚಿತ್ರದುರ್ಗಕ್ಕೆ ತಾನೆ? ಸ್ಟೀರಿಂಗ್ ಗಟ್ಟಿಯಾಗಿ ಹಿಡಿದರೆ ಸಾಕು, ಬೆಲ್ಟ್ ಯಾಕೆ?"

ವಾಸ್ತವ: ಇದು ತಪ್ಪು.

ಯಾಕೆ? ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 72 ಕಿ.ಮೀ. ವೇಗದಲ್ಲಿರುವ ಕಾರು ಡಿಕ್ಕಿಯಾಗಿ 0.1 ಸೆಕೆಂಡಿನಲ್ಲಿ ನಿಂತಿತು ಎನ್ನಿ. 60 ಕೆ.ಜಿ. ತೂಕದವರನ್ನು ಸೀಟಿನಲ್ಲೇ ತಡೆಯಲು ಸುಮಾರು 1,200 ಕೆ.ಜಿ. ಭಾರ ಹೊರುವಷ್ಟು ಬಲ ಬೇಕು. ಯಾರ ತೋಳಿಗೂ ಅದು ಸಾಧ್ಯವಿಲ್ಲ. ಬೆಲ್ಟ್ ಆ ಬಲವನ್ನು ಸೊಂಟ, ಎದೆಯ ಗಟ್ಟಿ ಮೂಳೆಗಳಿಗೆ ಹಂಚುತ್ತದೆ. ಏರ್‌ಬ್ಯಾಗ್ ಇದ್ದರೂ ಬೆಲ್ಟ್ ಬೇಕೇ ಬೇಕು.

ಸರಿಯಾದ ಕ್ರಮ: ಬೆನ್ನು ಸೀಟಿಗೆ ಪೂರ್ತಿ ತಾಗುವಂತೆ ಕೂರಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲಿರಲಿ. ಎದೆಯ ಪಟ್ಟಿಯನ್ನು ಮೇಲಕ್ಕೆಳೆದು ಸಡಿಲ ತೆಗೆಯಿರಿ.

ಹೊಸದುರ್ಗ, ಹೊಳಲ್ಕೆರೆಯ ಊರೊಳಗಿನ ರಸ್ತೆಯಲ್ಲೂ, ಹಿಂದಿನ ಸೀಟಿನಲ್ಲೂ ಇದೇ ನಿಯಮ.