ಸುಮೆಕ್ಸ್-ಏಮ್: ವೈದ್ಯವಿಜ್ಞಾನಿಗಳು ಹಂಚಿಕೊಂಡ ಒಂದು ಗಣಕಯಂತ್ರದ ಇತಿಹಾಸ

ವೈದ್ಯವಿಜ್ಞಾನದ ಇತಿಹಾಸವನ್ನು ಬರೆಯುವವರು ಔಷಧಗಳನ್ನೂ ಅವುಗಳ ಶೋಧಕರನ್ನೂ ವಿಸ್ತಾರವಾಗಿ ವರ್ಣಿಸುವುದುಂಟು. ಶೋಧನೆಗೆ ಆಸರೆಯಾಗಿ ನಿಂತ ವ್ಯವಸ್ಥೆಗಳ ಕಡೆಗೆ ಅವರ ಗಮನ ಹರಿಯುವುದು ವಿರಳ. ಅಂತಹದೊಂದು ವ್ಯವಸ್ಥೆಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1973ರಲ್ಲಿ ಸ್ಥಾಪಿತವಾದ ಸುಮೆಕ್ಸ್-ಏಮ್ ಎಂಬ ಗಣಕಸೇವೆಯೇ ಅದು.

1960ರ ದಶಕದಲ್ಲಿ ಶಕ್ತಿಯುತವಾದ ಗಣಕಯಂತ್ರವೊಂದನ್ನು ಕೊಂಡು ನಡೆಸುವುದು ಬಿಡಿ ಸಂಶೋಧಕನ ಅಳವಿಗೆ ಮೀರಿದ ಮಾತಾಗಿತ್ತು. ಸ್ಟ್ಯಾನ್‌ಫರ್ಡಿನ ವೈದ್ಯಕೀಯ ಶಾಲೆಯಲ್ಲಿ ಆ ದಶಕದಲ್ಲಿಯೇ ಆಕ್ಮೆ ಎಂಬ ಸಾಮೂಹಿಕ ಗಣಕಸೇವೆ ಏರ್ಪಟ್ಟಿತ್ತಾದರೂ ಅದರ ಪ್ರಯೋಜನ ಬಹುಮಟ್ಟಿಗೆ ಆ ಆವರಣಕ್ಕೇ ಸೀಮಿತವಾಗಿತ್ತು. 1958ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಈ ಸೇವೆಯನ್ನು ರಾಷ್ಟ್ರವ್ಯಾಪಿಯಾಗಿ ವಿಸ್ತರಿಸಲು ಮುಂದಾದರು. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನದಿಂದ ಪಿಡಿಪಿ-10 ಜಾತಿಯ ಯಂತ್ರವೊಂದು ಬಂದಿತು. ಒಂದೇ ಯಂತ್ರವು ತನ್ನ ಕಾಲವನ್ನು ಸಣ್ಣ ಸಣ್ಣ ಅಂಶಗಳಾಗಿ ಒಡೆದು ಅನೇಕ ಬಳಕೆದಾರರಿಗೆ ಸರದಿಯಂತೆ ನೀಡುತ್ತಿದ್ದಿತು. ಅರ್ಪಾನೆಟ್ ಮತ್ತು ಟಿಮ್‌ನೆಟ್ ಜಾಲಗಳ ಮೂಲಕ ದೂರದ ನಗರಗಳವರೂ ಅದನ್ನು ತಲಪಬಲ್ಲವರಾದರು.

ಆದರೆ ಯಂತ್ರಕ್ಕಿಂತ ಮಹತ್ತ್ವದ್ದು ಅದನ್ನು ಹಂಚಿಕೊಂಡ ಒಪ್ಪಂದವೆಂದು ನಮ್ಮ ಅಭಿಪ್ರಾಯ. ಯಂತ್ರವು ಇದ್ದದ್ದು ಸ್ಟ್ಯಾನ್‌ಫರ್ಡಿನಲ್ಲಿ. ಆದರೂ ಹೊರಗಿನ ಸಂಶೋಧಕರಿಗೆ ಸ್ಟ್ಯಾನ್‌ಫರ್ಡಿನವರಷ್ಟೇ ಪಾಲು ಮೀಸಲಾಗಿತ್ತು. ಹೊರಗಿನವರಲ್ಲಿ ಯಾರಿಗೆ ಪ್ರವೇಶ ಕೊಡಬೇಕೆಂಬುದನ್ನು ರಾಷ್ಟ್ರಮಟ್ಟದ ಸಮಿತಿಗಳ ಪರಾಮರ್ಶೆಯಿಂದ ನಿರ್ಣಯಿಸುತ್ತಿದ್ದರು. ಆತಿಥೇಯನು ಅತಿಥಿಗೆ ಸಮಪಾಲನ್ನು ನಿಯಮಪೂರ್ವಕವಾಗಿ ಬಿಟ್ಟುಕೊಟ್ಟ ಈ ಏರ್ಪಾಡು ಗಮನಾರ್ಹವಾದುದು.

ಇದರ ಫಲವನ್ನು ಮೂರು ನಿದರ್ಶನಗಳಿಂದ ಅರಿಯಬಹುದು. ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಗ್ಲಾಕೋಮ ಎಂಬ ನೇತ್ರರೋಗದ ನಿದಾನಕ್ಕಾಗಿ ಕ್ಯಾಸ್ನೆಟ್ ಎಂಬ ಕ್ರಮವಿಧಿಯನ್ನು ರಚಿಸಿದರು. ಪಿಟ್ಸ್‌ಬರ್ಗಿನ ಜ್ಯಾಕ್ ಮೈಯರ್ಸ್ ಮತ್ತು ಹ್ಯಾರಿ ಪೋಪಲ್ ಅವರ ಇಂಟರ್ನಿಸ್ಟ್, ಸುಮಾರು 500 ರೋಗಗಳ ಲಕ್ಷಣಗಳನ್ನು ತೂಗಿ ನೋಡುವಷ್ಟು ಬೆಳೆಯಿತು. ಸ್ಟ್ಯಾನ್‌ಫರ್ಡಿನಲ್ಲಿಯೇ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ಮೈಸಿನ್, ರಕ್ತದ ಸೋಂಕಿಗೂ ಮಿದುಳು ಪೊರೆಯ ಉರಿಯೂತಕ್ಕೂ ತಕ್ಕ ಔಷಧವನ್ನು ಸೂಚಿಸುತ್ತಿದ್ದಿತು. 1979ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತಜ್ಞರು, ಸಲಹೆ ಯಾರದೆಂದು ತಿಳಿಯದೆಯೇ, ಮೈಸಿನ್ನಿನ ಸಲಹೆಗಳಿಗೆ ಶೇಕಡ 65ರಷ್ಟು ಸಮ್ಮತಿಯಿತ್ತರು. ಅದೇ ಪರೀಕ್ಷೆಯಲ್ಲಿ ಐವರು ಅಧ್ಯಾಪಕ ವೈದ್ಯರಿಗೆ ದೊರೆತದ್ದು ಶೇಕಡ 42.5ರಿಂದ 62.5.

ಇಷ್ಟಾದರೂ ಮೈಸಿನ್ ರೋಗಿಗಳ ನಿತ್ಯ ಚಿಕಿತ್ಸೆಯಲ್ಲಿ ಬಳಕೆಗೆ ಬರಲಿಲ್ಲ. ಏಕೆ? ವೈದ್ಯನು ಪ್ರತ್ಯೇಕವಾದ ಟರ್ಮಿನಲ್ಲಿನ ಮುಂದೆ ಕುಳಿತು ಸುದೀರ್ಘವಾದ ಪ್ರಶ್ನೋತ್ತರವನ್ನು ನಡೆಸಬೇಕಾಗಿದ್ದಿತು. ಯಂತ್ರದ ಮೇಲೆ ಭಾರ ಹೆಚ್ಚಿದಾಗ ಉತ್ತರ ತಡವಾಗುತ್ತಿದ್ದಿತು. ಸಂಶೋಧಕನು ನಡುರಾತ್ರಿಯವರೆಗೆ ಕಾಯಬಲ್ಲನು, ರೋಗಿ ಕಾಯಲಾರನು. ಇದಕ್ಕೆ ಪೂರಕವಾದ ಸಾಕ್ಷ್ಯ ಪಫ್ ಎಂಬ ಕ್ರಮವಿಧಿಯಲ್ಲಿದೆ. ಶ್ವಾಸಕೋಶದ ಪರೀಕ್ಷೆಗಳನ್ನು ಅರ್ಥೈಸುವ ಪಫ್ ಹುಟ್ಟಿದುದು ಸುಮೆಕ್ಸಿನಲ್ಲಿಯೇ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಮೆಡಿಕಲ್ ಸೆಂಟರಿನಲ್ಲಿ ನಿತ್ಯೋಪಯೋಗಕ್ಕೆ ಬಂದುದು ಆಸ್ಪತ್ರೆಯದೇ ಆದ ಚಿಕ್ಕ ಯಂತ್ರಕ್ಕಾಗಿ ಬೇಸಿಕ್ ಭಾಷೆಯಲ್ಲಿ ಪುನಃ ಬರೆದಮೇಲೆ.

1980ರ ದಶಕದಲ್ಲಿ ಸಂಶೋಧಕರ ಮೇಜಿನ ಮೇಲೆಯೇ ಸಮರ್ಥವಾದ ಗಣಕಗಳು ಬಂದುವು. ಮುಂದಿನ ದಶಕದ ಆರಂಭದಲ್ಲಿ ಸುಮೆಕ್ಸ್ ಕೊನೆಗೊಂಡಿತು. ಹಂಚಿಕೆಯ ತತ್ತ್ವವು ಮಾತ್ರ ಅಳಿಯಲಿಲ್ಲ: ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1999ರಲ್ಲಿ ತಮ್ಮ ಸಂಶೋಧಕರಿಗಾಗಿ ಬಯೋವುಲ್ಫ್ ಎಂಬ ಗಣಕಸಮೂಹವನ್ನು ಆರಂಭಿಸಿದುವು.

ಈ ಇತಿಹಾಸದಿಂದ ನಮಗೆ ಹೊಳೆಯುವ ಸಂಗತಿ ಇಷ್ಟು. ಸಂಶೋಧನೆ, ರೋಗನಿದಾನ ಇವೆರಡೂ ಒಂದೇ ಯಂತ್ರವನ್ನು ಬೇಡಿದರೂ ಅವುಗಳ ಕಾಲಮಾನ ಒಂದೇ ಅಲ್ಲ. ಒಂದು ಸರದಿಯಲ್ಲಿ ನಿಂತು ಬೆಳೆಯುತ್ತದೆ. ಇನ್ನೊಂದಕ್ಕೆ ಸರದಿಯೇ ಅಡ್ಡಿಯಾಗುತ್ತದೆ. ಆದುದರಿಂದ ಇಂತಹ ಸೇವೆಯ ಯೋಗ್ಯತೆಯನ್ನು ಯಂತ್ರದ ವೇಗದಿಂದ ಮಾತ್ರ ಅಳೆಯದೆ, ಯಾರ ಪಾಲು ಎಷ್ಟು, ಯಾರ ಅಗತ್ಯ ಮೊದಲು ಎಂಬ ಪ್ರಶ್ನೆಗಳಿಗೆ ಅದು ಕೊಟ್ಟ ಉತ್ತರದಿಂದಲೂ ಅಳೆಯುವುದು ಇತಿಹಾಸಕಾರನ ಕರ್ತವ್ಯವಾಗಿದೆ.